ತೋಟದ ಕೆರೆಯಲ್ಲಿ ಏರೋಪ್ಲೇನ್ ಚಿಟ್ಟೆಯ ಪೊರೆ ಹುಡುಕುವುದು ಹೇಗೆ?

ಕೆರೆಯ ಮೇಲೆ ಏರೋಪ್ಲೇನ್ ಚಿಟ್ಟೆ ಹಾರುತ್ತಿದ್ದರೆ ಅದು ಅಲ್ಲೇ ಹುಟ್ಟಿದ್ದು ಅಂತ ಹೇಳೋಕಾಗಲ್ಲ. ಪಕ್ಕದ ಗದ್ದೆಯಿಂದಲೂ ಬಂದಿರಬಹುದು, ಅಲ್ವಾ? ನಿಮ್ಮ ಕೆರೆಯಲ್ಲೇ ಬೆಳೆದಿದೆ ಅನ್ನುವುದಕ್ಕೆ ಗಟ್ಟಿ ಸಾಕ್ಷಿ, ನೀರಲ್ಲಿ ಬೆಳೆದ ಅದರ ಮರಿ ರೆಕ್ಕೆ ಬಂದು ಹೊರಡುವಾಗ ಕಳಚಿಟ್ಟ ಪೊರೆ.

ನಮ್ಮ ಸಿದ್ದಾಪುರದ ಕಡೆ ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್‌ನಲ್ಲಿ ಹುಡುಕುವುದು ಸುಲಭ. ಜೋರು ಮಳೆಗೆ ಪೊರೆ ಕೊಚ್ಚಿಹೋಗುತ್ತದೆ. ಬಿಸಿಲೇರುವ ಮೊದಲೇ ಹೋಗಿ. ಬೂಟು ಹಾಕಿಕೊಳ್ಳಿ, ದಡದ ಹುಲ್ಲಲ್ಲಿ ಇಂಬಳ ಇರುತ್ತದೆ.

ನೀರಿನಿಂದ ನೆಟ್ಟಗೆ ಎದ್ದ ಹುಲ್ಲು, ಜೊಂಡು, ಪಂಪಿನ ಪೈಪು, ಎಲ್ಲವನ್ನೂ ನಿಧಾನವಾಗಿ ನೋಡಿ. ಕಂದು ಬಣ್ಣದ, ಒಣಗಿದ ಆರು ಕಾಲಿನ ಹುಳ ಅಂಟಿಕೊಂಡಂತೆ ಕಂಡರೆ ಬೆನ್ನು ನೋಡಿ. ಸೀಳಿದೆಯಾ? ಒಳಗಿಂದ ಬಿಳಿ ದಾರ ಇಣುಕುತ್ತಿದೆಯಾ? ಹಾಗಿದ್ದರೆ ಅದೇ ಪೊರೆ. ಆ ದಾರಗಳು ಮರಿಯ ಉಸಿರಿನ ಕೊಳವೆಗಳ ಒಳಪದರ.

ಈಗ ಮುಖ ನೋಡಿ. ಮರಿಯ ಕೆಳತುಟಿ ಮಡಚಿಕೊಂಡಿರುತ್ತದೆ. ಬೇಟೆ ಹತ್ತಿರ ಬಂದರೆ ತಟ್ಟನೆ ಮುಂದಕ್ಕೆ ಚಾಚಿ ಹಿಡಿಯುತ್ತದೆ. ಸೊಳ್ಳೆಮರಿ, ಗೊದಮೊಟ್ಟೆ ಎಲ್ಲ ಅದರ ಊಟ. ನಮ್ಮ ಕೆರೆಗಳಲ್ಲಿ ಕಾಣುವ ಗುಲಾಬಿಗೆಂಪಿನ ಕ್ರಿಮ್ಸನ್ ಮಾರ್ಷ್ ಗ್ಲೈಡರ್‌ನ ಜಾತಿಯವಕ್ಕೆ ಈ ತುಟಿ ಸೌಟಿನಂತೆ ಮುಖವನ್ನೇ ಮುಚ್ಚಿರುತ್ತದೆ. ಹಾಕರ್ ಅನ್ನುವ ದೊಡ್ಡ ಏರೋಪ್ಲೇನ್ ಚಿಟ್ಟೆಗಳ ಮರಿಗೆ ಅದು ಚಪ್ಪಟೆ. ಬಾಲದ ತುದಿಯಲ್ಲಿ ಮೂರು ಎಲೆಯಂಥ ಕಿವಿರು ಇದ್ದರೆ ಅದು ಬೇರೆಯದೇ, ರೆಕ್ಕೆ ಮಡಚಿ ಕೂರುವ ಸಣಕಲು ಡ್ಯಾಮ್‌ಸೆಲ್‌ಫ್ಲೈ.

ಪೊರೆಯ ಪಕ್ಕದಲ್ಲೇ ಮಾಸಲು ಬಣ್ಣದ ಚಿಟ್ಟೆ ಕೂತಿದ್ದರೆ ಮುಟ್ಟಲೇಬೇಡಿ. ರೆಕ್ಕೆ ಇನ್ನೂ ಮೆತ್ತಗಿರುತ್ತದೆ. ಬೆರಳು ತಾಗಿ ಸೊಟ್ಟಗಾದರೆ ಅದು ಮತ್ತೆ ಹಾರುವುದಿಲ್ಲ. ಏರೋಪ್ಲೇನ್ ಚಿಟ್ಟೆಗೆ ಕೋಶದ (ಪ್ಯೂಪಾ) ಹಂತವೇ ಇಲ್ಲ. ಮೊಟ್ಟೆ, ನೀರಿನ ಮರಿ, ಆಮೇಲೆ ನೇರವಾಗಿ ರೆಕ್ಕೆ.

ಮರಿಯಾಗಿ ಎಷ್ಟು ಕಾಲ? ಬಿಸಿ ನೀರಿನ ಗುಂಡಿಯಲ್ಲಿ ಮೊಟ್ಟೆಯಿಡುವ ಹಳದಿ ಗ್ಲೋಬ್ ಸ್ಕಿಮ್ಮರ್‌ಗೆ ಸುಮಾರು ಒಂದೂವರೆ, ಎರಡು ತಿಂಗಳು ಸಾಕು. ಇಂಗ್ಲೆಂಡಿನ ಕೊಳಗಳಲ್ಲಿ ಸಾಮಾನ್ಯವಾಗಿರುವ ಬ್ರಾಡ್-ಬಾಡೀಡ್ ಚೇಸರ್ ಒಂದರಿಂದ ಮೂರು ವರ್ಷ ನೀರಲ್ಲೇ ಇರುತ್ತದೆ. ಚಳಿ ನೀರಲ್ಲಿ ಬೆಳವಣಿಗೆ ನಿಧಾನ.

ಸಿಕ್ಕ ಪೊರೆಯನ್ನು ಹತ್ತಿ ಹಾಕಿದ ಬೆಂಕಿಪೊಟ್ಟಣದಲ್ಲಿಟ್ಟು, ತಾರೀಕು ಬರೆಯಿರಿ. ಒಂದೂ ಸಿಗದಿದ್ದರೆ ಕೆರೆಯನ್ನೇ ವಿಚಾರಿಸಬೇಕು. ಮೀನು ಜಾಸ್ತಿ ಬಿಟ್ಟಿದ್ದೀರಾ? ಗಿಡದ ರೋಗಕ್ಕೆ ಹೊಡೆಯುವ, ತಾಮ್ರವಿರುವ ಬೋರ್ಡೋ ದ್ರಾವಣದ ಡ್ರಮ್ಮನ್ನು ಅದರಲ್ಲೇ ತೊಳೆಯುತ್ತಾರಾ? ಆ ತಾಮ್ರ ನೀರಿನ ಜೀವಿಗಳಿಗೆ ವಿಷ. ದಡದ ಹುಲ್ಲನ್ನು ಪೂರ್ತಿ ಸವರಬೇಡಿ. ಫೆಬ್ರವರಿ, ಮಾರ್ಚಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಕೆರೆಯನ್ನು ತಳ ಕಾಣುವಷ್ಟು ಬರಿದು ಮಾಡದೆ, ಮೂಲೆಯಲ್ಲಾದರೂ ಮೊಣಕಾಲುದ್ದ ನೀರು ಉಳಿಸಿ.