ಕ್ಯೂ ಒರೆಸಿ, ಉಜ್ಜಬೇಡಿ

ಪೂಲ್ ಮೇಜಿನ ಅಂಚಿನಲ್ಲಿ ಕೂತಿರುವ, ಕ್ಯೂ ಅಂದರೆ ಚೆಂಡು ಹೊಡೆಯುವ ಕೋಲಿನ ತುದಿಗೆ ಬಳಿಯುವ ಆ ನೀಲಿ ಚಾಕ್ ಶಾಲೆಯ ಸೀಮೆಸುಣ್ಣದ ಜಾತಿಯದ್ದಲ್ಲ. 1897ರಲ್ಲಿ ಅಮೆರಿಕದ ಬಿಲಿಯರ್ಡ್ಸ್ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನ ತಜ್ಞ ವಿಲಿಯಂ ಹಾಸ್ಕಿನ್ಸ್ ಪೇಟೆಂಟ್ ಪಡೆದ ಮಿಶ್ರಣದಲ್ಲಿ ಸಿಲಿಕಾ ಮತ್ತು ಕುರುಂದದ ಪುಡಿ ಇತ್ತು. ಇಂದಿನ ಚಾಕ್‌ಗಳೂ ಹೆಚ್ಚುಕಡಿಮೆ ಅದೇ ವಂಶದವು. ಕುರುಂದವೆಂದರೆ ಸಾಣೆ ಹಿಡಿಯಲು ಬಳಸುವಷ್ಟು ಗಡಸು ಖನಿಜ. ಕ್ಯೂ ತುದಿಯ ಚರ್ಮದ ತುಂಡಾದ ಟಿಪ್‌ಗೆ ಚೆಂಡಿನ ಮೇಲೆ ಹಿಡಿತ ಸಿಗುವುದು ಈ ತರಿಯಿಂದಲೇ. ಆದರೆ ಪುಡಿಯೆಲ್ಲ ಟಿಪ್ ಮೇಲೆಯೇ ನಿಲ್ಲುವುದಿಲ್ಲ. ಟಿಪ್ ಕೂರುವ ಗಟ್ಟಿ ಬಳೆಯಾದ ಫೆರೂಲ್ ದಾಟಿ, ಕ್ಯೂವಿನ ತೆಳು ಮುಂಭಾಗವಾದ ಶಾಫ್ಟ್ ಮೇಲೆ ಉದುರುತ್ತದೆ, ಮೇಜಿನ ಮೇಲೆ ಊರಿ ಕ್ಯೂಗೆ ಆಸರೆ ಕೊಡುವ ‘ಬ್ರಿಡ್ಜ್’ ಕೈಯ ಬೆವರಿನೊಂದಿಗೆ ಕಲಸಿಕೊಂಡು ಮರದ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ನಯವಾಗಿ ಜಾರಬೇಕಾದ ಕ್ಯೂ ಬೆರಳಿಗೆ ಅಂಟತೊಡಗುತ್ತದೆ. ಹೊಡೆತದ ನಡುವೆ ಕ್ಷಣಮಾತ್ರ ತಡೆದರೂ ಸಾಕು, ಚೆಂಡು ಪಾಕೆಟ್ಟಿನ ಬಾಯಿಗೆ ಬಡಿದು ಹೊರಗುಳಿಯುತ್ತದೆ.

ಬಿಲಿಯರ್ಡ್ಸ್ ವಿಶ್ವ ಚಾಂಪಿಯನ್ ಪಂಕಜ್ ಅಡ್ವಾಣಿ ಆಡಿ ಬೆಳೆದ ಬೆಂಗಳೂರಿನಲ್ಲಿ ಪೂಲ್ ಪಾರ್ಲರ್‌ಗಳಿಗೆ ಬರವಿಲ್ಲ. ಕೆಲವು ಕಾಲ ಪಾರ್ಲರ್‌ನ ಕ್ಯೂ ಹಿಡಿದು ಆಡಿ, ರುಚಿ ಹತ್ತಿದ ಮೇಲೆ ಸ್ವಂತದ್ದೊಂದನ್ನು ಕೊಳ್ಳುವುದು ವಾಡಿಕೆ. ಹೀಗೆ ಕೊಂಡವರಲ್ಲಿ ಎರಡು ಪಂಗಡ. ಕೆಲವರು ಅದನ್ನು ಒಮ್ಮೆಯೂ ಒರೆಸುವುದಿಲ್ಲ. ಇನ್ನು ಕೆಲವರು ವಾರಕ್ಕೊಮ್ಮೆ ಸ್ಯಾಂಡ್‌ಪೇಪರ್ ಹಿಡಿದು ಕೂರುತ್ತಾರೆ. ಕ್ಯೂಗೆ ಹೆಚ್ಚು ಕೆಡುಕು ಎರಡನೆಯವರಿಂದಲೇ ಎಂಬುದು ನನ್ನ ಅನಿಸಿಕೆ. ಕೊಳೆ ಹಿಡಿದದ್ದನ್ನು ಅರ್ಧ ಗಂಟೆಯಲ್ಲಿ ಸರಿಮಾಡಬಹುದು; ಉಜ್ಜಿ ಸವೆಸಿದ ಮರವನ್ನು ಯಾರೂ ಮರಳಿ ಅಂಟಿಸಲಾರರು.

ಆಟದ ಮೊದಲು, ಆಟದ ನಂತರ

ಮೊದಲ ಕೆಲಸ ಕೈ ತೊಳೆಯುವುದು. ಗೋಬಿ ಮಂಚೂರಿ ತಿಂದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು ಮೇಜಿಗೆ ಬರುವವರು ಎಷ್ಟು ದುಬಾರಿ ಕ್ಯೂ ಕೊಂಡರೂ ಪ್ರಯೋಜನವಿಲ್ಲ. ಕೈ ಬಹಳ ಬೆವರುವವರು ಬ್ರಿಡ್ಜ್ ಕೈಗೆ ಆಟಗಾರರ ಗ್ಲೌಸ್ ಹಾಕಿಕೊಳ್ಳಲಿ. ಟಾಲ್ಕಂ ಪೌಡರ್ ಬೇಡ. ಆ ಗಳಿಗೆಗೆ ಹಾಯೆನಿಸಿದರೂ ಅದು ಬೆವರಿನೊಂದಿಗೆ ಸೇರಿ ಶಾಫ್ಟ್ ಮೇಲೆ ಮೆತ್ತಿಕೊಳ್ಳುತ್ತದೆ, ಮೇಜಿನ ಬಟ್ಟೆಯ ಮೇಲೂ ಬಿಳಿ ಗುರುತು ಬಿಡುತ್ತದೆ.

ಚಾಕ್ ಹಚ್ಚುವಾಗ ಟಿಪ್ ಮೇಲೆ ಅದನ್ನು ಗಿರಗಿರನೆ ತಿರುಗಿಸುವುದು ಎಲ್ಲ ಕಡೆ ಕಾಣುವ ಚಾಳಿ. ಹಾಗೆ ಮಾಡಿದರೆ ಚಾಕ್‌ನಲ್ಲಿ ಗುಳಿ ಬೀಳುತ್ತದೆ, ಗುಳಿಯ ಅಂಚು ಫೆರೂಲ್‌ಗೆ ಉಜ್ಜಿ ನೀಲಿ ಉಂಗುರ ಮೂಡಿಸುತ್ತದೆ. ಕ್ಯೂ ಅನ್ನು ಸ್ವಲ್ಪ ಓರೆಯಾಗಿ ಹಿಡಿದು, ಚಾಕನ್ನು ಟಿಪ್‌ನ ಮೇಲ್ಮೈಗೆ ಹಗುರವಾಗಿ ಬಳಿಯುತ್ತ ಕ್ಯೂ ತಿರುಗಿಸಿ. ಚರ್ಮದ ಮೇಲೆ ತೆಳುವಾದ, ಸಮನಾದ ಪದರವಿದ್ದರೆ ಸಾಕು.

ಆಟ ಮುಗಿದ ಮೇಲೆ ಒಣಗಿದ ಮೈಕ್ರೋಫೈಬರ್ ಬಟ್ಟೆ ತೆಗೆದುಕೊಳ್ಳಿ. ಕ್ಯೂವಿನ ಎರಡು ತುಂಡುಗಳು ಸೇರುವ ಜಾಯಿಂಟ್ ಕಡೆಯಿಂದ ಟಿಪ್ ಕಡೆಗೆ ಒರೆಸಿ. ತಿರುವುಮುರುವು ಮಾಡಿದರೆ ಫೆರೂಲ್ ಹತ್ತಿರದ ಚಾಕನ್ನು ನೀವೇ ಇಡೀ ಶಾಫ್ಟ್‌ಗೆ ಬಳಿದಂತಾಗುತ್ತದೆ. ಕ್ಯೂ ಬಿಚ್ಚಿ ಚೀಲಕ್ಕೆ ಹಾಕುವ ಮುನ್ನ ಜಾಯಿಂಟ್‌ನ ಮರೆಗಳಿಗೆ ಒಣ ಟೂತ್‌ಬ್ರಷ್ ಆಡಿಸಿ. ಅಲ್ಲಿ ಧೂಳು ಸೇರಿದರೆ ಎರಡು ತುಂಡುಗಳು ಸರಿಯಾಗಿ ಕೂರುವುದಿಲ್ಲ. ಜೋಡಿಸುವಾಗ ಕೈಗೆ ಬಿಗಿ ಎನಿಸಿದಲ್ಲಿಗೆ ನಿಲ್ಲಿಸಿ. ಇಷ್ಟನ್ನು ಪ್ರತಿ ಸಲ ಮಾಡಿದವರಿಗೆ ಮುಂದಿನ ಕೆಲಸಗಳಲ್ಲಿ ಮುಕ್ಕಾಲು ಪಾಲು ಬೇಕಾಗುವುದೇ ಇಲ್ಲ.

ಕೊಳೆ ಕೂತ ಶಾಫ್ಟ್

ಪೂಲ್ ಕ್ಯೂವಿನ ಶಾಫ್ಟ್ ಸಾಮಾನ್ಯವಾಗಿ ಮೇಪಲ್ ಮರದ್ದು, ಟಿಪ್ ಬಳಿ ಸುಮಾರು 12ರಿಂದ 13 ಮಿಲಿಮೀಟರ್ ದಪ್ಪ. ಸ್ನೂಕರ್ ಕ್ಯೂ ಹೆಚ್ಚಾಗಿ ಆ್ಯಶ್ ಮರದ್ದು, ತುದಿ 9ರಿಂದ 10 ಮಿಲಿಮೀಟರ್. ಮೇಪಲ್‌ನ ನಾರು ನುಣುಪು. ಆ್ಯಶ್‌ನಲ್ಲಿ ಕಪ್ಪು ಗೆರೆಗಳು ಎದ್ದು ಕಾಣುವಷ್ಟು ರಂಧ್ರಗಳು ತೆರೆದಿರುತ್ತವೆ. ಎರಡಕ್ಕೂ ನೀರೆಂದರೆ ಆಗದು.

ಏಕೆಂದು ತಿಳಿದರೆ ಸ್ಯಾಂಡ್‌ಪೇಪರ್ ಚಾಳಿಯ ಮೂಲವೂ ತಿಳಿಯುತ್ತದೆ. ಒದ್ದೆ ಬಟ್ಟೆಯಿಂದ ತಿಕ್ಕಿದಾಗ ಮೇಲ್ಮೈಯ ನಾರುಗಳು ನೀರು ಕುಡಿದು ಉಬ್ಬಿ ನಿಲ್ಲುತ್ತವೆ. ಒಣಗಿದ ಮೇಲೂ ಅವು ಪೂರ್ತಿ ಮಲಗುವುದಿಲ್ಲ. ಬೆರಳಿಗೆ ತರಿತರಿ ಎನಿಸುತ್ತದೆ. ಆಟಗಾರ ಸ್ಯಾಂಡ್‌ಪೇಪರ್ ತೆಗೆಯುತ್ತಾನೆ, ಎದ್ದ ನಾರುಗಳನ್ನು ಸವರುತ್ತಾನೆ, ಕೆಳಗಿನ ಹೊಸ ನಾರು ತೆರೆದುಕೊಳ್ಳುತ್ತದೆ. ತೆರೆದ ಮರ ಮೊದಲಿಗಿಂತ ಬೇಗ ಬೆವರು ಹೀರಿ ಕೊಳೆಯಾಗುತ್ತದೆ. ಮತ್ತೆ ಒದ್ದೆ ಬಟ್ಟೆ, ಮತ್ತೆ ಸ್ಯಾಂಡ್‌ಪೇಪರ್. ವರ್ಷ ಕಳೆಯುವುದರೊಳಗೆ ಶಾಫ್ಟ್ ಫೆರೂಲ್‌ಗಿಂತ ತೆಳುವಾಗಿ, ಅವೆರಡು ಸೇರುವಲ್ಲಿ ಉಗುರಿಗೆ ತಾಕುವ ಮೆಟ್ಟಿಲು ಬಿದ್ದಿರುತ್ತದೆ.

ಇದರ ಬದಲು ಹೀಗೆ ಮಾಡಿ. ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬಿಳಿ ಹತ್ತಿ ಬಟ್ಟೆಯ ಮೂಲೆಗೆ ಸ್ವಲ್ಪ ಹಾಕಿ. ಬಟ್ಟೆ ತೇವವಾಗಬೇಕು, ತೊಟ್ಟಿಕ್ಕಬಾರದು. ಒಂದು ಗೇಣಿನಷ್ಟು ಭಾಗವನ್ನು ಮಾತ್ರ ಹಿಡಿದು, ಬಟ್ಟೆಯನ್ನು ಶಾಫ್ಟ್‌ಗೆ ಸುತ್ತಿ ಮೇಲೆ ಕೆಳಗೆ ಆಡಿಸಿ. ಬಟ್ಟೆಗೆ ಬರುವ ಬೂದು ಮಿಶ್ರಿತ ನೀಲಿ ನೋಡಿದರೆ ಅಲ್ಲಿಯವರೆಗೆ ಏನನ್ನು ಹಿಡಿದು ಆಡುತ್ತಿದ್ದಿರಿ ಎಂಬುದು ಗೊತ್ತಾಗುತ್ತದೆ. ಕೂಡಲೇ ಒಣ ಬಟ್ಟೆಯಿಂದ ಒರೆಸಿ, ಬಟ್ಟೆಯ ಶುಭ್ರ ಭಾಗ ತಿರುಗಿಸಿಕೊಂಡು ಮುಂದಿನ ಗೇಣಿಗೆ ಹೋಗಿ. ಆಲ್ಕೊಹಾಲ್ ಬೇಗ ಆರುವುದರಿಂದ ನೀರಿನಷ್ಟು ನಾರನ್ನು ಎಬ್ಬಿಸುವುದಿಲ್ಲ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ. ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್ ಜೆಲ್ ಬಳಸುವ ಆಸೆ ಬಂದರೆ ತಡೆದುಕೊಳ್ಳಿ. ಅದರಲ್ಲಿರುವ ಗ್ಲಿಸರಿನ್ ಮತ್ತೆ ಅಂಟು ಬಿಡುತ್ತದೆ. ಬಣ್ಣ, ವಾರ್ನಿಷ್ ಇರುವ ಹಿಂಭಾಗದ ದಪ್ಪ ತುಂಡಾದ ಬಟ್ ಕಡೆಗೂ ಆಲ್ಕೊಹಾಲ್ ಒಯ್ಯಬೇಡಿ, ಹೊಳಪು ಮಂಕಾಗಬಹುದು. ಅಲ್ಲಿಗೆ ಹಿಂಡಿದ ಬಟ್ಟೆ, ತಕ್ಷಣ ಒಣ ಬಟ್ಟೆ, ಅಷ್ಟೇ.

ಮುಂದಿನದು ನಯಗೊಳಿಸುವ ಕೆಲಸ. ಅಂಗೈ ಅಗಲದ ಹಳೆಯ ಚರ್ಮದ ತುಂಡಾಗಲಿ, ದಪ್ಪ ಬಿಳಿ ಕಾಗದವಾಗಲಿ ಸಾಕು. ಶಾಫ್ಟ್ ಸುತ್ತ ಬಿಗಿಯಾಗಿ ಹಿಡಿದು ಬೆರಳಿಗೆ ಬಿಸಿ ತಟ್ಟುವವರೆಗೆ ವೇಗವಾಗಿ ಎಳೆದಾಡಿ. ಆ ಬಿಸಿ ಮತ್ತು ಒತ್ತಡಕ್ಕೆ ಎದ್ದ ನಾರುಗಳು ಮಲಗಿ, ಮರ ಗಾಜಿನ ನಯಕ್ಕೆ ಬರುತ್ತದೆ. ಇದರಲ್ಲಿ ಮರ ಒಂದು ಕೂದಲೆಳೆಯಷ್ಟೂ ಸವೆಯುವುದಿಲ್ಲ. ಇಷ್ಟಾದರೂ ತರಿ ಉಳಿದಿದ್ದರೆ 2000 ಗ್ರಿಟ್‌ನ, ಅಂದರೆ ಅತಿ ನುಣುಪಾದ ಸ್ಯಾಂಡ್‌ಪೇಪರನ್ನು ನಾರಿನ ದಿಕ್ಕಿನಲ್ಲಿ ನಾಲ್ಕಾರು ಬಾರಿ ಆಡಿಸಬಹುದು. ಹಾರ್ಡ್‌ವೇರ್ ಅಂಗಡಿಯವನು ಬಾಗಿಲು ಉಜ್ಜಲು ಕೊಡುವ ಕಾಗದ ಕ್ಯೂ ಹತ್ತಿರ ಸುಳಿಯಬಾರದು.

ಶಾಫ್ಟ್ ಮೇಲೆ ಸಣ್ಣ ತಗ್ಗು ಬಿದ್ದಿದೆಯೇ? ಅದನ್ನೂ ಉಜ್ಜಿ ತೆಗೆಯಲು ಹೋಗಬೇಡಿ. ಅಲ್ಲಿ ಮರ ಕಿತ್ತುಹೋಗಿಲ್ಲ, ನಾರು ಅದುಮಿಕೊಂಡಿದೆ. ತಗ್ಗಿನಷ್ಟೇ ಜಾಗಕ್ಕೆ ಒದ್ದೆ ಟಿಶ್ಯೂ ಚೂರೊಂದನ್ನು ಇಟ್ಟು ಕೆಲವು ನಿಮಿಷ ಬಿಡಿ. ಬೇರೆಡೆ ಶತ್ರುವಾದ ನೀರು ಇಲ್ಲಿ ನೆರವಿಗೆ ಬರುತ್ತದೆ: ನಾರು ಉಬ್ಬಿ ಮೇಲೇಳುತ್ತದೆ. ಚೆನ್ನಾಗಿ ಒಣಗಿದ ಮೇಲೆ ಚರ್ಮದಿಂದ ನಯಗೊಳಿಸಿ.

ಆ್ಯಶ್ ಕ್ಯೂ ಇರುವವರಿಗೆ ಇನ್ನೊಂದು ಕೆಲಸವಿದೆ. ವರ್ಷಕ್ಕೆ ಒಂದೆರಡು ಸಲ ಕಾಯಿಸದ ಅಗಸೆ ಎಣ್ಣೆಯ ಕೆಲವು ಹನಿಗಳನ್ನು ಬಟ್ಟೆಗೆ ಹಾಕಿ, ತೆಳುವಾಗಿ ತಿಕ್ಕಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಬೇಕು. ಹೆಚ್ಚು ಹಾಕಿದರೆ ಜಿಗುಟು. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಗಾಳಿಯ ಆಮ್ಲಜನಕದೊಂದಿಗೆ ಸೇರುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಒಳಗೇ ಕೂಡಿಕೊಂಡು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಿ.

ಕಾರ್ಬನ್ ಫೈಬರ್ ಶಾಫ್ಟ್‌ನವರಿಗೆ ಈ ತಾಪತ್ರಯವೇ ಇಲ್ಲ. ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿದರೆ ಕೆಲಸ ಮುಗಿಯಿತು. ಎಣ್ಣೆ, ಸ್ಯಾಂಡ್‌ಪೇಪರ್ ಎರಡೂ ನಿಷಿದ್ಧ.

ಟಿಪ್: ಚೆಂಡು ಮುಟ್ಟುವುದು ಇದೊಂದೇ

ಕ್ಯೂ ತುದಿಗೆ ಚರ್ಮ ಅಂಟಿಸುವ ಪದ್ಧತಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ಅದರ ಹೆಗ್ಗಳಿಕೆ ಸೆರೆಮನೆಯಲ್ಲಿದ್ದುಕೊಂಡು ಬಿಲಿಯರ್ಡ್ಸ್ ಆಡುತ್ತಿದ್ದ ಫ್ರಾನ್ಸಿನ ಸೇನಾಧಿಕಾರಿ ಮಿಂಗೋ ಎಂಬಾತನಿಗೆ ಸಲ್ಲುತ್ತದೆ. ಚೆಂಡಿಗೆ ಬೇಕಾದಂತೆ ಸ್ಪಿನ್ ಕೊಡಲು ಸಾಧ್ಯವಾದದ್ದು ಆ ಮೇಲೆಯೇ.

ಪೂಲ್ ಟಿಪ್‌ನ ಗುಮ್ಮಟ ಹೇಗಿರಬೇಕೆಂದು ನೋಡಲು ಉಪಕರಣವೇನೂ ಬೇಡ. ಒಂದು ರೂಪಾಯಿ ನಾಣ್ಯವನ್ನು ಪಕ್ಕದಲ್ಲಿ ಹಿಡಿದು ಬೆಳಕಿಗೆ ಒಡ್ಡಿ. ನಾಣ್ಯದ ಅಂಚಿನ ಬಾಗು, ಟಿಪ್‌ನ ಬಾಗು ಒಂದಕ್ಕೊಂದು ಹೊಂದಿದರೆ ಸರಿ. ಚಪ್ಪಟೆಯಾಗಿದ್ದರೆ ಶೇಪರ್‌ನಿಂದ ಮೆಲ್ಲಗೆ ತಿದ್ದಿ. ಟಿಪ್ ಹೊಳೆಯತೊಡಗಿದರೆ ಚಾಕ್ ನಿಲ್ಲುವುದಿಲ್ಲ, ಟಿಪ್ ಚೆಂಡಿನ ಮೇಲೆ ಜಾರಿ ಮಿಸ್‌ಕ್ಯೂ ಆಗುತ್ತದೆ. ಆಗ ಒರಟು ಮುಖದ ಉಪಕರಣವಾದ ಸ್ಕಫರನ್ನು ಒತ್ತಿ ಚರ್ಮದ ನಾರನ್ನು ಎಬ್ಬಿಸಿ, ತಿಕ್ಕಬೇಡಿ. ತಿಕ್ಕಿದಷ್ಟೂ ಟಿಪ್‌ನ ಆಯುಸ್ಸು ಕಡಿಮೆ. ಹೊಡೆತ ತಿಂದು ತಿಂದು ಚರ್ಮ ಅಣಬೆಯಂತೆ ಫೆರೂಲ್‌ನಿಂದ ಆಚೆ ಚಾಚಿಕೊಂಡಿದ್ದರೆ ಕ್ಯೂ ತಲೆಕೆಳಗು ಮಾಡಿ, ಟಿಪ್ ಅನ್ನು ಮರದ ಹಲಗೆಗೆ ಒತ್ತಿ ಹಿಡಿದು, ಹರಿತವಾದ ಬ್ಲೇಡಿನಿಂದ ಫೆರೂಲ್ ಕಡೆಯಿಂದ ಕೆಳಕ್ಕೆ ಸವರಿ. ಬಳಿಕ ಟಿಪ್‌ನ ಬದಿಗೆ ನಾಲಿಗೆಯ ತೇವ ತಾಗಿಸಿ ಚರ್ಮದಿಂದ ತಿಕ್ಕಿದರೆ ಬದಿ ಗಟ್ಟಿಯಾಗಿ ಹೊಳೆಯುತ್ತದೆ, ಮತ್ತೆ ಚಾಚುವುದು ತಡವಾಗುತ್ತದೆ. ನಾಲಿಗೆ ಎಂದೊಡನೆ ಮುಖ ಸಿಂಡರಿಸುವವರು ನೀರು ಬಳಸಲಿ, ಹಳೆಯ ಆಟಗಾರರು ಮಾಡುವುದು ಮಾತ್ರ ಹೀಗೆಯೇ.

ಗುಮ್ಮಟದ ಬದಿಯಲ್ಲಿ ಚರ್ಮ ಒಂದು ಮಿಲಿಮೀಟರಿಗೆ ಇಳಿದಾಗ ಬದಲಿಸಿ. ಹಳೆಯದನ್ನು ಬ್ಲೇಡಿನಿಂದ ತೆಗೆದು, ಫೆರೂಲ್ ಮೇಲಿನ ಒಣ ಅಂಟನ್ನೆಲ್ಲ ಕೆರೆಯಿರಿ. ಹೊಸ ಟಿಪ್‌ನ ತಳವನ್ನು ಸಮತಟ್ಟಾದ ಜಾಗದಲ್ಲಿಟ್ಟ ಸ್ಯಾಂಡ್‌ಪೇಪರ್ ಮೇಲೆ ತುಸು ಒರಟು ಮಾಡಿ. ಈ ಒಂದು ಕೆಲಸಕ್ಕೆ ಅದು ಬೇಕೇ ಬೇಕು. ಎರಡೂ ಮೇಲ್ಮೈ ಒಣಗಿ, ನಡುವೆ ಬೆಳಕು ಹಾಯದಂತೆ ಕೂರಬೇಕು. ಜೆಲ್ ರೂಪದ ಸೂಪರ್‌ಗ್ಲೂ ಒಂದು ಹನಿ ಹಾಕಿ, ನೇರವಾಗಿಟ್ಟು ಒತ್ತಿ ಹಿಡಿಯಿರಿ. ಟಿಪ್ ಮರುದಿನಕ್ಕೆ ಮುಂಚೆ ಕಳಚಿಬಿದ್ದರೆ ತಪ್ಪು ಸಾಮಾನ್ಯವಾಗಿ ಅಂಟಿನದಲ್ಲ, ಕೆರೆಯದೇ ಉಳಿದ ಹಳೆಯ ಅಂಟಿನದು.

ಇಡುವ ಜಾಗ, ಒಯ್ಯುವ ಬಗೆ

ಮರ ಗಾಳಿಯ ತೇವವನ್ನು ಹೀರುತ್ತ ಬಿಡುತ್ತ ಇರುತ್ತದೆ. ಮಂಗಳೂರಿನ ಜುಲೈಯಲ್ಲಿ ಉಬ್ಬಿದ್ದು ಕಲಬುರಗಿಯ ಏಪ್ರಿಲ್‌ನಲ್ಲಿ ಕುಗ್ಗುತ್ತದೆ. ಈ ಏರಿಳಿತ ನಿಧಾನವಾಗಿ, ಎಲ್ಲ ಬದಿಗೆ ಸಮನಾಗಿ ನಡೆದರೆ ತೊಂದರೆಯಿಲ್ಲ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ, ಎ.ಸಿ.ಯ ನೇರ ಗಾಳಿ, ಮಳೆಗಾಲದ ಒದ್ದೆ ಗೋಡೆ, ಈ ಮೂರರಿಂದ ದೂರವಿಡಿ. ಮೂಲೆಗೆ ಒರಗಿಸಿಟ್ಟರೆ ತನ್ನ ಭಾರಕ್ಕೆ ತಾನೇ ಬಾಗಬಹುದು. ಬಿಚ್ಚಿ ಗಟ್ಟಿ ಪೆಟ್ಟಿಗೆಯಲ್ಲಿ ಮಲಗಿಸಿ.

ಬಾಗಿದೆಯೇ ಎಂದು ನೋಡಲು ಮೇಜಿನ ಮೇಲೆ ಉರುಳಿಸುವುದು ರೂಢಿ. ಆದರೆ ಒಂದು ಕಣ್ಣು ಮುಚ್ಚಿ, ಬಡಗಿಯ ಹಾಗೆ ಬಟ್ ಕಡೆಯಿಂದ ತುದಿಯವರೆಗೆ ದಿಟ್ಟಿಸುತ್ತ ಕ್ಯೂ ತಿರುಗಿಸುವುದು ಹೆಚ್ಚು ನಂಬಿಕೆಯದು. ಅತ್ಯಲ್ಪ ಬಾಗು ಇದ್ದರೆ ಗಾಬರಿ ಬೇಡ. ಆ್ಯಶ್ ಶಾಫ್ಟ್ ಮೇಲೆ ಬಾಣದ ತುದಿಯಂಥ ಗೆರೆಗಳಿರುತ್ತವೆ. ಅನೇಕ ಸ್ನೂಕರ್ ಆಟಗಾರರು ಪ್ರತಿ ಹೊಡೆತಕ್ಕೂ ಅವು ಮೇಲ್ಮುಖವಾಗಿರುವಂತೆಯೇ ಹಿಡಿಯುತ್ತಾರೆ. ಹಾಗಾಗಿ ಬಾಗು ಇದ್ದರೂ ಪ್ರತಿ ಸಲ ಒಂದೇ ಕಡೆಗಿರುತ್ತದೆ, ಕೈ ಅದಕ್ಕೆ ಒಗ್ಗಿಕೊಂಡಿರುತ್ತದೆ.

ವಿಮಾನದಲ್ಲಿ ಕ್ಯೂವನ್ನು ಕ್ಯಾಬಿನ್ ಒಳಗೆ ಬಿಡುವುದಿಲ್ಲ, ಸಾಮಾನಿನೊಂದಿಗೆ ಕಳಿಸಬೇಕು. ಸ್ಕಾಟ್ಲೆಂಡಿನ ಸ್ನೂಕರ್ ಆಟಗಾರ ಸ್ಟೀಫನ್ ಹೆಂಡ್ರಿ ತಮ್ಮ 7 ವಿಶ್ವ ಪ್ರಶಸ್ತಿಗಳನ್ನೂ ಗೆದ್ದುಕೊಟ್ಟ ಕ್ಯೂ ಅನ್ನು ಕಳೆದುಕೊಂಡದ್ದು ಹೀಗೆಯೇ, 2003ರಲ್ಲಿ, ವಿಮಾನ ಪ್ರಯಾಣದಲ್ಲಿ ಅದು ಮುರಿದು. ಬಟ್ಟೆಯ ಚೀಲ ನಂಬಬೇಡಿ. ಗಟ್ಟಿ ಟ್ಯೂಬಿನಲ್ಲಿ ಹಾಕಿ, ಎರಡೂ ತುದಿಗೆ ಬಟ್ಟೆ ತುರುಕಿ, ಒಳಗೆ ಅಲುಗಾಡದಂತೆ ಮಾಡಿ. ಇಳಿದ ಮೇಲೆ ನಿಲ್ದಾಣದಿಂದ ಹೊರಡುವ ಮುನ್ನವೇ ಟ್ಯೂಬ್ ತೆರೆದು ನೋಡಿ. ದೂರು ಬರೆಸಿಕೊಳ್ಳುವ ಕೌಂಟರ್ ಇರುವುದು ಅಲ್ಲಿಯೇ.