ಕೂಲಿ ಲೆಕ್ಕವನ್ನು ಗೋಡೆಗೆ ತಂದ ಬಗೆ

ಉದ್ಯೋಗ ಖಾತ್ರಿಯ ಗೋಡೆಬರಹ ಎಂದರೆ ಹೆಚ್ಚಿನ ಊರುಗಳಲ್ಲಿ ಬರೀ ಘೋಷಣೆ. ಅದನ್ನು ಯಾರೂ ನಿಂತು ಓದುವುದಿಲ್ಲ. ‘ಹುಲಿಗೆಮ್ಮ, 24 ದಿನ, 8,376 ರೂ.’ ಎಂದು ಬರೆದು ನೋಡಿ: ಹುಲಿಗೆಮ್ಮ ನಿಲ್ಲುತ್ತಾರೆ, ಜೊತೆಗೆ ಬಂದ ಓರಗಿತ್ತಿಯೂ ನಿಲ್ಲುತ್ತಾರೆ. ಎಷ್ಟು ದಿನ ಮಣ್ಣು ಹೊತ್ತೆ ಎನ್ನುವುದು ಅವರಿಗೆ ನೆನಪಿದೆ. ಆ ನೆನಪಿನ ಜೊತೆ ತಾಳೆ ನೋಡಬಹುದಾದ ಅಂಕಿ ಮಾತ್ರ ಗೋಡೆಗೆ ಬರಬೇಕು. ಪಂಚಾಯಿತಿಯ ಒಟ್ಟು ಖರ್ಚು ಎಷ್ಟು ಲಕ್ಷ ಎಂದು ಬರೆದರೆ ಅದನ್ನು ಒರೆಗೆ ಹಚ್ಚುವವರು ಯಾರು?

ಈ ದಾರಿ ತೋರಿದ್ದು ರಾಜಸ್ಥಾನ. 1994ರಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಎಂಬ ಕೂಲಿಕಾರರ, ರೈತರ ಸಂಘ ಜನಸುನವಾಯಿ, ಅಂದರೆ ಊರವರೆದುರಿನ ಬಹಿರಂಗ ವಿಚಾರಣೆ, ನಡೆಸಿ, ಕಾಮಗಾರಿಯ ಕಾಗದಪತ್ರಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿಸಿತು. ಮುಂದೆ ಅಂಥ ಲೆಕ್ಕ ಅಲ್ಲಿನ ಪಂಚಾಯಿತಿ ಗೋಡೆಗಳ ಮೇಲೂ ಬಂತು. ನಮ್ಮಲ್ಲಿ ಗೋಡೆ ಕೊಡಲು ಪಿಡಿಒ ಹಿಂದೇಟು ಹಾಕಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೆಸರಿಸಿ ಅರ್ಜಿ ಕೊಡುತ್ತೇವೆ. ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸಬೇಕು ಎನ್ನುವ ಕಲಂ ಅದು. ಖಾಸಗಿ ಗೋಡೆಯಾದರೆ ಮನೆಯವರ ಸಹಿ ಇರುವ ಒಪ್ಪಿಗೆ ಪತ್ರ ಬೇಕೇ ಬೇಕು.

ಪಟ್ಟಿ ಸಿಗುವುದು ಯೋಜನೆಯ ಜಾಲತಾಣದಲ್ಲಿ, ಎನ್‌ಎಂಆರ್ (ಕಾಮಗಾರಿಯ ಹಾಜರಿ ಪಟ್ಟಿ) ವಾರು. ಹೆಸರುಗಳು ಇಂಗ್ಲಿಷಿನಲ್ಲಿದ್ದರೆ ಕನ್ನಡಕ್ಕೆ ಇಳಿಸುವಾಗ ಮಲ್ಲವ್ವ ‘ಮಲ್ಲವ’ ಆಗುತ್ತಾರೆ, ಈರಣ್ಣ ‘ಎರನ್ನ’ ಆಗುತ್ತಾರೆ. ಒಂದೇ ಓಣಿಯಲ್ಲಿ ಮೂವರು ಹನುಮಂತಪ್ಪ ಇರುವುದೂ ಉಂಟು. ಅದಕ್ಕೆ ಜಾಬ್ ಕಾರ್ಡಿನ ಕೊನೆಯ ಅಂಕಿಗಳನ್ನು ಹೆಸರಿನ ಮುಂದೆ ಬರೆಯುತ್ತೇವೆ. ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರು, ಜಾತಿಯ ಕಾಲಂ ಗೋಡೆಗೆ ಬರಕೂಡದು. ಇದರಲ್ಲಿ ರಾಜಿ ಇಲ್ಲ.

ದಿನ ಮತ್ತು ದುಡ್ಡು ಎರಡನ್ನೂ ಬರೆಯಬೇಕು. 2024-25ರಲ್ಲಿ ಕರ್ನಾಟಕದ ದಿನಗೂಲಿ 349 ರೂ. ಇತ್ತು. ಆದರೆ ಮಾಡಿದ ಕೆಲಸದ ಅಳತೆ ಕಡಿಮೆ ಬಂದರೆ ಕೂಲಿಯೂ ಇಳಿಯುತ್ತದೆ. ಬರೀ ದಿನ ಬರೆದರೆ ಈ ಕಡಿತ ಕಣ್ಣಿಗೆ ಬೀಳುವುದಿಲ್ಲ. ಬರೀ ದುಡ್ಡು ಬರೆದರೆ ಬಿಟ್ಟುಹೋದ ಹಾಜರಿ ಗೊತ್ತಾಗುವುದಿಲ್ಲ.

ಗೋಡೆ 10 ಅಡಿ ಅಗಲ, 8 ಅಡಿ ಎತ್ತರ ಇದ್ದರೆ ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಸಲ ಬಳಿಯಲು ಒಂದೂವರೆಯಿಂದ ಎರಡು ಲೀಟರ್ ಸಾಕು. ಹಳೆಯ ಸುಣ್ಣವನ್ನು ಕೆರೆದು, ತೊಳೆದು, ಒಣಗಿಸಿ, ಪ್ರೈಮರ್ ಹಚ್ಚದೆ ಮುಂದೆ ಹೋಗಬೇಡಿ. ಪುಡಿ ಉದುರುವ ಸುಣ್ಣದ ಮೇಲೆ ಬಳಿದ ಬಣ್ಣ ಮಳೆಗಾಲದಲ್ಲಿ ಹಪ್ಪಳದಂತೆ ಎದ್ದು ಬರುತ್ತದೆ. ಸಾಲು ನೇರ ಬರಲು ನೀಲಿ ಪುಡಿ ಹಚ್ಚಿದ ದಾರವನ್ನು ಇಬ್ಬರು ಎಳೆದು ಹಿಡಿದು ಮಿಡಿಯಬೇಕು.

ಶೀರ್ಷಿಕೆಗೆ 4 ಇಂಚು, ಹೆಸರಿಗೆ 2 ಇಂಚಿನ ಅಕ್ಷರ. ಎರಡಿಂಚಿನ ಅಕ್ಷರ 20 ಅಡಿ ದೂರಕ್ಕೆ ಆರಾಮಾಗಿ ಓದಲು ಬರುತ್ತದೆ. ಸಾಲುಗಳ ನಡುವಿನ ಜಾಗದಲ್ಲಿ ಜಿಪುಣತನ ಮಾಡಬೇಡಿ: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ‘ಹುಲ್ಲಪ್ಪ’ ಯಾರಿಗೂ ಓದಲು ಬಾರದ ಗಂಟಾಗುತ್ತದೆ. ಬಿಳಿಯ ಮೇಲೆ ಕಡುನೀಲಿ ಚೆನ್ನಾಗಿ ಕಾಣುತ್ತದೆ. ಕೆಂಪು ಬೇಕಿದ್ದರೆ ರೆಡ್ ಆಕ್ಸೈಡ್ ತನ್ನಿ. ಅಗ್ಗದ ಕಡುಗೆಂಪು ಒಂದೆರಡು ಬೇಸಿಗೆಯ ಬಿಸಿಲಿಗೇ ಮಾಸುತ್ತದೆ.

ಹೆಸರು, ಕಾರ್ಡಿನ ಅಂಕಿ ಮಾತ್ರ ಬಣ್ಣದಲ್ಲಿ. ದಿನ, ದುಡ್ಡಿನ ಕಾಲಂಗಳಿಗೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಬಳಿದು ತಿಂಗಳಿಗೊಮ್ಮೆ ಸೀಮೆಸುಣ್ಣದಲ್ಲಿ ತುಂಬುತ್ತೇವೆ. ಆದ್ದರಿಂದ ಸೂರಿನ ಕೆಳಗಿನ ಗೋಡೆಯೇ ಬೇಕು. ಅಕ್ಷರ ಬಾರದವರಿಗಾಗಿ ಪ್ರತಿ ಹೆಸರಿನ ಪಕ್ಕ ಹತ್ತು ಚೌಕ. ಒಂದು ಚೌಕ ತುಂಬಿದರೆ ಹತ್ತು ದಿನ.

ಬಣ್ಣ ಕಲಸುವ ಮೊದಲು ಎಲ್ಲವನ್ನೂ ಹಾಳೆಯ ಮೇಲೆ ಬರೆದು ಊರ ಕಟ್ಟೆಯಲ್ಲಿ ಜನರ ಮುಂದೆ ಹಿಡಿಯಬೇಕು. ‘ತಿಳೀತೇನ್ರೀ?’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಅವ್ವಾ, ನಿಮ್ಮ ಸಾಲಿನಾಗ ಏನೈತಿ, ಹೇಳ್ರಿ’ ಎಂದು ಕೇಳಿದರೆ ತಪ್ಪು ಹೊರಬೀಳುತ್ತದೆ. ‘ನಾನು ಮೂವತ್ತು ದಿನ ಹೋಗೀನಿ, ಇಲ್ಲಿ ಇಪ್ಪತ್ನಾಲ್ಕು ಐತಿ’ ಎಂಬ ಮಾತು ಬಂದ ಕೂಡಲೇ ಆ ಸಾಲಿನ ಎದುರು ಗುರುತು ಹಾಕಿ, ಅವರ ಜಾಬ್ ಕಾರ್ಡು, ಕೆಲಸದ ಜಾಗದಲ್ಲಿ ಹಾಜರಿ ಬರೆಯುವ ಕಾಯಕ ಬಂಧುವಿನ ಪುಸ್ತಕ ಎರಡನ್ನೂ ತರಿಸಿ, ದೂರನ್ನು ಅಂದೇ ಬರೆದು ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.