ಲೆಕ್ಕ ಬಿಡಿಸದೆ ಡಿಫರೆನ್ಶಿಯಲ್ ಈಕ್ವೇಶನ್ ಓದಿದ್ದು: ನನ್ನ ಅನುಭವ

"ಪ್ರಾಬ್ಲಂ ಪೂರ್ತಿ ಬಿಡಿಸದೆ ಮ್ಯಾಥ್ಸ್ ಪಾಸಾಗ್ತೀಯಾ?" ಎಂದು ನಕ್ಕವರೇ ಈಗ ಹಳೇ ಪ್ರಶ್ನೆಗಳ ಚೀಟಿ ತುಂಬಿದ ನನ್ನ ಡಬ್ಬ ಕೇಳಿಕೊಂಡು ರೂಮಿಗೆ ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡುತ್ತೇನೆ. ಡಿಫರೆನ್ಶಿಯಲ್ ಈಕ್ವೇಶನ್ (ಡಿವೈ/ಡಿಎಕ್ಸ್ ಥರದ್ದು ಇರುವ ಸಮೀಕರಣ) ಬರುವ, ಫೇಲಾಗಿ ಬ್ಯಾಕ್ ಉಳಿದಿದ್ದ ಪೇಪರ್ ಅದು, ಈ ಸಲ ಬಂದದ್ದು 80ರ ಆಸುಪಾಸು.

ಮೊದಲು ದುಡ್ಡಿನ ವಿಷಯ. ಕ್ರ್ಯಾಶ್ ಕೋರ್ಸಿಗೆ 3,500 ಚಿಲ್ಲರೆ, ಸ್ಕ್ಯಾನರಿಗೆ (ಹಳೇ ಪ್ರಶ್ನೆಗಳನ್ನು ಬಿಡಿಸಿಟ್ಟ ಪುಸ್ತಕ) 250ರಷ್ಟು. ಎರಡೂ ದಂಡ. ಸ್ಕ್ಯಾನರಿನಲ್ಲಿ ಬಿಡಿಸಿಟ್ಟ ಲೆಕ್ಕ ಓದುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ಪುಸ್ತಕದಲ್ಲಿ ಚಾಪ್ಟರ್ ಹೆಸರೇ ಮೆಥಡ್ ಹೇಳಿಕೊಡುತ್ತದೆ, ಪ್ರಶ್ನೆಪತ್ರಿಕೆಯಲ್ಲಿ ಬರೀ 'ಸಾಲ್ವ್' ಎಂದಿರುತ್ತದೆ. 3 ಗಂಟೆಗೆ 5 ಫುಲ್ ಕ್ವೆಶ್ಚನ್ ಎಂದರೆ ಒಂದಕ್ಕೆ 36 ನಿಮಿಷ, ಅದರೊಳಗೆ ಮೂರು ಸಬ್ ಕ್ವೆಶ್ಚನ್. ಯಾವ ಟೈಪ್ ಎಂದು ಹುಡುಕುವುದಕ್ಕೇ ನಾಲ್ಕೈದು ನಿಮಿಷ ಹೋದರೆ ಮುಗಿಯಿತು.

ಹಾಗಾಗಿ ಅಭ್ಯಾಸ ಮಾಡಿದ್ದು ಹುಡುಕುವುದನ್ನು ಮಾತ್ರ. ಐದಾರು ವರ್ಷದ ಪೇಪರ್‌ಗಳನ್ನು ಒಂದೇ ಮಗ್ಗುಲಿಗೆ ಜೆರಾಕ್ಸ್ ಮಾಡಿಸಿ (60-70 ರೂಪಾಯಿ), ಒಂದೊಂದು ಈಕ್ವೇಶನ್ನನ್ನೂ ಕತ್ತರಿಸಿ, ಹಿಂದೆ ಪೆನ್ಸಿಲ್ಲಿನಲ್ಲಿ ಟೈಪ್ ಬರೆಯುವುದು. 'ವೇರಿಯೇಶನ್ ಆಫ್ ಪ್ಯಾರಾಮೀಟರ್ಸ್ ಮೂಲಕ' ಎಂಬಂಥ ಸುಳಿವಿದ್ದರೆ ಅದನ್ನೂ ಕತ್ತರಿಸಿ ಎಸೆಯಬೇಕು. ನೂರಿಪ್ಪತ್ತು ಚೀಟಿಯಾದವು. ಒಂದು ಎತ್ತು, ಅರ್ಧ ನಿಮಿಷದಲ್ಲಿ ಮೊದಲ ಸಾಲು ಮಾತ್ರ ಬರಿ: ಐಎಫ್ (ಇಂಟಿಗ್ರೇಟಿಂಗ್ ಫ್ಯಾಕ್ಟರ್, ಈಕ್ವೇಶನ್ ಬಿಡಿಸಲು ಬರುವ ಹಾಗೆ ಗುಣಿಸುವ ಪದ) ಯಾವುದು, ಯಾವ ಸಬ್‌ಸ್ಟಿಟ್ಯೂಶನ್, ರೂಟ್ಸ್ ಏನು. ಸರಿಯಿದ್ದರೆ ಪಕ್ಕಕ್ಕೆ, ತಪ್ಪಿದ್ದರೆ ವಾಪಸ್ ಡಬ್ಬಕ್ಕೆ. ಎರಡು ಸಲ ಕೈಕೊಟ್ಟ ಚೀಟಿಯನ್ನು ಮಾತ್ರ ಕೊನೆತನಕ ಬಿಡಿಸುವುದು. ಒಂದು ಸುತ್ತಿಗೆ ಸುಮಾರು ಒಂದು ಗಂಟೆ.

ಟೈಪ್‌ಗೊಂದು ಬಣ್ಣದ ಕಾಗದ ಹಾಕಿ ನೋಡಿದೆ, ಹಾಳಾಯಿತು. ಕಣ್ಣು ಈಕ್ವೇಶನ್ ಬಿಟ್ಟು ಬಣ್ಣ ಓದುತ್ತದೆ. ಬಿಳಿ ಚೀಟಿಯೂ ಮೂರ್ನಾಲ್ಕು ಸುತ್ತಾದ ಮೇಲೆ ಮಡಿಕೆಯಿಂದಲೇ ಗುರುತು ಹತ್ತುತ್ತದೆ, ಆಗ ಹೊಸ ಜೆರಾಕ್ಸೇ ಗತಿ. ಫಾರ್ಮುಲಾ ರೆಕಾರ್ಡ್ ಮಾಡಿ ಬಸ್ಸಿನಲ್ಲಿ ಕೇಳಿದ್ದರಿಂದ ನಿದ್ದೆ ಚೆನ್ನಾಗಿ ಬಂತು, ಅಷ್ಟೇ.

ಹೆಚ್ಚು ಸಲ ಡಬ್ಬಕ್ಕೆ ವಾಪಸಾದದ್ದು ಎಕ್ಸಾಕ್ಟ್ ಅಲ್ಲದ (ಎರಡು ಪಾರ್ಶಿಯಲ್ ಸಮ ಬರದ) ಈಕ್ವೇಶನ್‌ಗಳು. (ಎಕ್ಸ್² + ವೈ² + ಎಕ್ಸ್) ಡಿಎಕ್ಸ್ + ಎಕ್ಸ್‌ವೈ ಡಿವೈ = 0 ತಗೊಳ್ಳಿ. ಡಿಎಕ್ಸ್ ಜೊತೆಗಿರುವುದು ಎಂ, ಡಿವೈ ಜೊತೆಗಿರುವುದು ಎನ್; ಎಂ ಅನ್ನು ವೈಗೆ, ಎನ್ ಅನ್ನು ಎಕ್ಸ್‌ಗೆ ಡಿಫರೆನ್ಶಿಯೇಟ್ ಮಾಡಬೇಕು. ಪಾರ್ಶಿಯಲ್‌ಗಳು 2ವೈ ಮತ್ತು ವೈ, ವ್ಯತ್ಯಾಸ ವೈ, ಅದು 'ಕ್ಲೋಸ್ ಟು ಎನ್', ಅಂದರೆ ಎನ್‌ಗೆ ಹತ್ತಿರ. ಎನ್‌ನಿಂದ ಭಾಗಿಸಿದರೆ 1/ಎಕ್ಸ್, ಐಎಫ್ ಎಕ್ಸ್. ಗುಣಿಸಿದ ಮೇಲೆ ಮತ್ತೊಮ್ಮೆ ಪಾರ್ಶಿಯಲ್ ತೆಗೆದು ಎರಡೂ 2ಎಕ್ಸ್‌ವೈ ಬಂದದ್ದನ್ನು ನೋಡಿಯೇ ಮುಂದೆ ಹೋಗಬೇಕು, ಇಪ್ಪತ್ತು ಸೆಕೆಂಡಿನ ಕೆಲಸ. 'ಕ್ಲೋಸ್ ಟು ಎಂ' ಆದರೆ ಘಾತದಲ್ಲಿ ಮೈನಸ್ ಬರುತ್ತದೆ. ಅರ್ಧ ಕ್ಲಾಸ್ ಮಾರ್ಕ್ಸ್ ಕಳೆದುಕೊಳ್ಳುವುದು ಆ ಮೈನಸ್ಸಿನಲ್ಲೇ. ಇನ್ನೊಂದು, ವೇಷ ಹಾಕಿದ ಬರ್ನೌಲಿ (ಲೀನಿಯರ್ ಈಕ್ವೇಶನ್‌ಗೆ ವೈನ ಒಂದು ಘಾತ ಸೇರಿದ ಟೈಪ್): ಎಕ್ಸ್‌ವೈ (1 + ಎಕ್ಸ್‌ವೈ²) ಡಿವೈ/ಡಿಎಕ್ಸ್ = 1. ತಲೆಕೆಳಗು ಮಾಡಿ ಡಿಎಕ್ಸ್/ಡಿವೈ ಬರೆದರೆ ಎಕ್ಸ್‌ನಲ್ಲಿ ಬರ್ನೌಲಿ ಆಗುತ್ತದೆ, ಎಕ್ಸ್²ದಿಂದ ಭಾಗಿಸಿ ಟಿ = 1/ಎಕ್ಸ್ ಹಾಕಿ. ಪೋಲಾರ್ ಆರ್ಥೋಗನಲ್ ಟ್ರಾಜೆಕ್ಟರಿಗೆ (ಒಂದು ಗುಂಪಿನ ಕರ್ವ್‌ಗಳನ್ನು ಲಂಬವಾಗಿ ಕಡಿಯುವ ಕರ್ವ್ ಹುಡುಕುವ ಲೆಕ್ಕ) ಮೊದಲೇ ಲಾಗ್ ತೆಗೆದುಕೊಂಡರೆ ಡಿಫರೆನ್ಶಿಯೇಟ್ ಮಾಡುವಾಗ ಸ್ಥಿರಾಂಕ 'ಎ' ತಾನಾಗಿ ಹೋಗುತ್ತದೆ.

ಹೈಯರ್ ಆರ್ಡರ್‌ನಲ್ಲಿ ಟೈಪ್ ಸುಲಭ, ಜಾರುವುದು ನಡುವೆ. (ಡಿ² − 4ಡಿ + 4) ವೈ = ಇ ಪವರ್ 2ಎಕ್ಸ್, ಇಲ್ಲಿ ಡಿ ಎಂದರೆ ಡಿ/ಡಿಎಕ್ಸ್. ಡಿ = 2 ಹಾಕಿದರೆ ಸೊನ್ನೆ. ಒಂದು ಎಕ್ಸ್ ಹೊರಗೆ ತಂದು ಡಿಫರೆನ್ಶಿಯೇಟ್ ಮಾಡಿದರೆ 2ಡಿ − 4, ಅದೂ ಸೊನ್ನೆ. ಇಲ್ಲಿ ಹೆದರಿ ನಿಲ್ಲಿಸುವವರೇ ಜಾಸ್ತಿ. ಇನ್ನೊಂದು ಎಕ್ಸ್ ತನ್ನಿ, ಛೇದದಲ್ಲಿ 2 ಉಳಿಯುತ್ತದೆ: ಪಿಐ (ಪರ್ಟಿಕ್ಯುಲರ್ ಇಂಟಿಗ್ರಲ್, ಉತ್ತರದಲ್ಲಿ ಬಲಗಡೆಯ ಪದದಿಂದ ಬರುವ ಭಾಗ) ಎಕ್ಸ್²/2 ಇಂಟು ಇ ಪವರ್ 2ಎಕ್ಸ್. ಹಾಗೇ 4ವೈ″ + 36ವೈ = ಕೋಸೆಕ್ 3ಎಕ್ಸ್ ಬಂದರೆ ಮೊದಲು ಎಲ್ಲವನ್ನೂ 4ರಿಂದ ಭಾಗಿಸಿ. ಮರೆತರೆ ಪಿಐ ನಾಲ್ಕು ಪಟ್ಟು ಬರುತ್ತದೆ, ನೋಡಲು ಮಾತ್ರ ಸರಿಯಾದ ಉತ್ತರದ ಹಾಗೇ ಇರುತ್ತದೆ.

ಕ್ಯಾಲ್ಕುಲೇಟರ್ ಕ್ಯಾಸಿಯೋ 991, ಸಾವಿರದ ಮೇಲೆ ಬಿತ್ತು, ಆ ದುಡ್ಡು ದಂಡವಲ್ಲ. ಈಕ್ವೇಶನ್ ಮೋಡ್‌ನಲ್ಲಿ ಕ್ಯೂಬಿಕ್‌ಗೆ ಎರಡೇ ರೂಟ್ ತೋರಿಸಿತೆಂದರೆ ಒಂದು ರಿಪೀಟ್ ಆಗಿದೆ ಎಂದರ್ಥ. ಸಿಂಥೆಟಿಕ್ ಡಿವಿಶನ್ ಮಾತ್ರ ಬರೆದೇ ತೋರಿಸಬೇಕು, ಸ್ಟೆಪ್ ಮಾರ್ಕ್ಸ್ ಅಲ್ಲಿದೆ. ಫಸ್ಟ್ ಆರ್ಡರ್ ಉತ್ತರಕ್ಕೆ ಎಕ್ಸ್ = 1ರಲ್ಲಿ ಡಿ/ಡಿಎಕ್ಸ್ ಒತ್ತಿ ತಾಳೆ ನೋಡಬಹುದು, ಸೈನ್ ಕಾಸ್ ಇದ್ದರೆ ರೇಡಿಯನ್ ಮೋಡ್‌ನಲ್ಲಿ. ಪಿಐಯನ್ನು ಇದೇ ಕ್ಯಾಲ್ಕುಲೇಟರಿನಲ್ಲಿ ಚೆಕ್ ಮಾಡುವುದಕ್ಕೂ ಒಂದು ದಾರಿಯಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಚಾಪ್ಟರಿಗೆ ಚೀಟಿ ದಂಡ. ಅಲ್ಲಿ ಟೈಪ್ ನೋಡಿದ ಕೂಡಲೇ ಗೊತ್ತಾಗುತ್ತದೆ, ಸಮಯ ತಿನ್ನುವುದು ಪಾರ್ಶಿಯಲ್ ಫ್ರ್ಯಾಕ್ಷನ್ (ದೊಡ್ಡ ಭಿನ್ನರಾಶಿಯನ್ನು ಚಿಕ್ಕವಾಗಿ ಒಡೆಯುವುದು). ಅದನ್ನೊಂದನ್ನೇ ಗಡಿಯಾರ ಇಟ್ಟುಕೊಂಡು, ಛೇದದಲ್ಲಿ ಕ್ವಾಡ್ರಾಟಿಕ್ ಇರುವಂಥವನ್ನೇ ಆರಿಸಿ, ಒಂದಕ್ಕೆ ಮೂರು ನಿಮಿಷದೊಳಗೆ ಬರುವ ತನಕ ಮಾಡಿದರೆ ಸಾಕು.